ಕೋಲ್ಕತ್ತದ ಇಂಗ್ಲಿಷ್ ಪದವಿನೋದ

ಇಂಗ್ಲಿಷ್ ಪದಗಳ ಕಾಗುಣಿತ, ಉಚ್ಚಾರ ಮತ್ತು ಅರ್ಥದ ವಕ್ರತೆಗಳನ್ನೇ ಬಂಡವಾಳ ಮಾಡಿಕೊಂಡು ಕೋಲ್ಕತ್ತ ನಗರದಲ್ಲಿ ಬೆಳೆದ ಆಟ, ಒಗಟು, ಶ್ಲೇಷೆ, ಪದಬಂಧಗಳ ಪರಂಪರೆ. ಹದಿನೆಂಟನೆಯ ಶತಮಾನದ ಕೊನೆಯ ಪದಪಟ್ಟಿಗಳಿಂದ ಹಿಡಿದು 2008ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಇಂಟರ್‌ನೆಟ್ ಆಟದವರೆಗೆ ಇದರ ಹರವು. ಭಾರತದಲ್ಲಿ ಇಂಗ್ಲಿಷ್ ಮೊದಲು ಬೇರುಬಿಟ್ಟ ಊರುಗಳಲ್ಲಿ ಕೋಲ್ಕತ್ತ ಮುಖ್ಯವಾದುದು. ಅಲ್ಲಿ ಆ ಭಾಷೆ ಸಾಮಾನ್ಯ ಜನರ ಪಾಲಿಗೆ ಮಾತಾಗುವ ಮುಂಚೆ ಪದಪಟ್ಟಿಯಾಗಿ ಬಂತು. ಬಾಯಿಪಾಠ ಮಾಡಿದ ಪದವನ್ನು ತಿರುಗಿಸಿ, ಒಡೆದು, ಬೇರೊಂದರ ಜೊತೆ ಹೊಸೆದು ನೋಡುವ ಚಪಲ ಆ ಪಟ್ಟಿಗಳ ಬೆನ್ನಿಗೇ ಹುಟ್ಟಿತು.

ಪದಪಟ್ಟಿಯ ಕಾಲ

1774ರಲ್ಲಿ ಕಲ್ಕತ್ತದಲ್ಲಿ ಸುಪ್ರೀಂ ಕೋರ್ಟ್ ಸ್ಥಾಪನೆಯಾದ ಮೇಲೆ ವಕೀಲರ ಗುಮಾಸ್ತರು, ದುಭಾಷಿಗಳು, ವ್ಯಾಪಾರಿ ಮಧ್ಯವರ್ತಿಗಳು ಇವರಿಗೆಲ್ಲ ಅಷ್ಟಿಷ್ಟು ಇಂಗ್ಲಿಷ್ ಬೇಕಾಯಿತು. 1793ರಲ್ಲಿ ಅಲ್ಲಿನ ಕ್ರಾನಿಕಲ್ ಮುದ್ರಣಾಲಯದಿಂದ ಅಪ್‌ಜಾನ್ ಎಂಬಾತ ಇಂಗ್ಲಿಷ್ ಮತ್ತು ಬಂಗಾಳಿ ಪದಸಂಗ್ರಹವೊಂದನ್ನು ಹೊರತಂದ. ಹಿಂದೂ ಕಾಲೇಜು ಆರಂಭವಾದ 1817ರವರೆಗೂ ಬಂಗಾಳಿ ಹುಡುಗರ ಇಂಗ್ಲಿಷ್ ಕಲಿಕೆ ಬಹುಮಟ್ಟಿಗೆ ಪದಗಳನ್ನು ಕಂಠಪಾಠ ಮಾಡುವುದರಲ್ಲೇ ಮುಗಿಯುತ್ತಿತ್ತು. ವ್ಯಾಕರಣ, ವಾಕ್ಯರಚನೆಗಳಿಗೆ ಅದರಲ್ಲಿ ಹೆಚ್ಚು ಜಾಗವಿರಲಿಲ್ಲ. ರಾಜನಾರಾಯಣ ಬಸು ಅವರ ‘ಸೇಕಾಲ್ ಆರ್ ಏಕಾಲ್’ (1874) ಮತ್ತು ಶಿವನಾಥ ಶಾಸ್ತ್ರಿಯವರ ‘ರಾಮತನು ಲಾಹಿರಿ ಓ ತತ್ಕಾಲೀನ್ ಬಂಗಸಮಾಜ್’ (1904) ಕೃತಿಗಳು ಆ ದಿನಗಳ ಚಿತ್ರ ಕೊಡುತ್ತವೆ. ಯಾರಿಗೆ ಹೆಚ್ಚು ಪದ ಬಾಯಿಗೆ ಬರುತ್ತಿತ್ತೋ ಅವನೇ ಹೆಚ್ಚಿನ ವಿದ್ವಾಂಸ. ಒಂದು ಇಂಗ್ಲಿಷ್ ಪದ, ಅದರ ಪಕ್ಕದಲ್ಲಿ ಬಂಗಾಳಿ ಅರ್ಥ, ಕೊನೆಗೊಂದು ಪ್ರಾಸ ಎಂಬ ಲೆಕ್ಕದಲ್ಲಿ ಕಟ್ಟಿದ ಪದ್ಯಗಳನ್ನು ಮಕ್ಕಳು ರಾಗವಾಗಿ ಹೇಳುತ್ತಿದ್ದರು. ತರಕಾರಿಯ ಹೆಸರಿನ ಪಕ್ಕದಲ್ಲೇ ತತ್ವಜ್ಞಾನಿ ಬಂದು ಕೂರುತ್ತಿದ್ದ. ಅಮರಕೋಶವನ್ನು ಕಂಠಸ್ಥ ಮಾಡಿದ ಸಮಾಜಕ್ಕೆ ಈ ಪದ್ಧತಿ ಹೊಸದೆನಿಸಲಿಲ್ಲ.

ಈ ಪದಸಂಗ್ರಹಗಳ ಉದ್ಯಮಕ್ಕೆ ಕನ್ನಡದ ನಂಟೂ ಇದೆ. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ ಮತ್ತು ಸಂಸ್ಕೃತ ಬೋಧಿಸುತ್ತಿದ್ದ ವಿಲಿಯಂ ಕೇರಿ, ಕಲ್ಕತ್ತದ ಉತ್ತರಕ್ಕೆ ಹೂಗ್ಲಿ ದಂಡೆಯ ಮೇಲಿರುವ ಶ್ರೀರಾಂಪುರದ ಮಿಷನ್ ಮುದ್ರಣಾಲಯದಲ್ಲಿ 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದರು. ಕನ್ನಡ ಮುದ್ರಣದ ಚರಿತ್ರೆ ಸಾಮಾನ್ಯವಾಗಿ ಆ ಪುಸ್ತಕದಿಂದಲೇ ಶುರುವಾಗುತ್ತದೆ. ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು ಬಂದದ್ದು 1824ರಲ್ಲಿ.

ಎರಡೂ ದಿಕ್ಕಿನ ಸಾಗಣೆ

ಬಂಗಾಳಿಗಳು ಇಂಗ್ಲಿಷ್ ಪದ ಕಲಿಯುತ್ತಿದ್ದ ಹೊತ್ತಿನಲ್ಲೇ ಇಂಗ್ಲಿಷರು ಬಂಗಾಳದ ಪದಗಳನ್ನು ತುಂಬಿಕೊಂಡು ಹೋದರು. ಸೆಣಬಿಗೆ ಇಂಗ್ಲಿಷಿನಲ್ಲಿರುವ ‘ಜೂಟ್’ ಎಂಬ ಹೆಸರು ಬಂಗಾಳಿಯಿಂದ ಹೋದದ್ದು. ಸಣ್ಣ ದೋಣಿಗೆ ‘ಡಿಂಗಿ’ ಎನ್ನುವುದೂ ಹಾಗೆಯೇ. ‘ಬಂಗಲೆ’ ಎಂದರೆ ಬಂಗಾಳದ ಮಾದರಿಯ ಮನೆ ಎಂದಷ್ಟೇ ಮೂಲ ಅರ್ಥ. ಇದೇ ಪದ ಇಂಗ್ಲೆಂಡಿಗೆ ಹೋಗಿ ಒಂದಂತಸ್ತಿನ ಮನೆಯಾಗಿ, ಕನ್ನಡಕ್ಕೆ ಬಂದು ಸಿರಿವಂತರ ದೊಡ್ಡ ಮನೆಯಾಯಿತು. ಕೋಲ್ಕತ್ತದ ವಿಮಾನ ನಿಲ್ದಾಣವಿರುವ ಡಮ್‌ಡಮ್ ಪ್ರದೇಶದ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ತಯಾರಾದ, ಮೈಗೆ ಹೊಕ್ಕಾಗ ಅರಳುವ ಗುಂಡಿಗೆ ‘ಡಮ್‌ಡಮ್ ಗುಂಡು’ ಎಂಬ ಹೆಸರು ಅಂಟಿತು. 1899ರ ಹೇಗ್ ಘೋಷಣೆ ಆ ಬಗೆಯ ಗುಂಡುಗಳನ್ನು ನಿಷೇಧಿಸಿತು. ಊರಿನ ಒಂದು ಭಾಗದ ಹೆಸರು ಯುದ್ಧಕಾನೂನಿನ ಚರ್ಚೆಯಲ್ಲಿ ಶಾಶ್ವತವಾಗಿ ಉಳಿದದ್ದು ಹೀಗೆ. ನಗರದ ನಡುವೆ ನಿಂತಿರುವ ‘ರೈಟರ್ಸ್ ಬಿಲ್ಡಿಂಗ್’ ಹೆಸರಿನಲ್ಲಿರುವ ರೈಟರ್ ಸಾಹಿತಿಯಲ್ಲ, ಈಸ್ಟ್ ಇಂಡಿಯಾ ಕಂಪನಿಯ ಕಿರಿಯ ಗುಮಾಸ್ತ. ಹೊಸಬರು ಇಂದಿಗೂ ಎಡವುವ ಪದ ಅದು.

ಈ ಸಾಗಣೆಯ ದೊಡ್ಡ ಲೆಕ್ಕಪುಸ್ತಕ 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ನಿಘಂಟು. ಅದರ ಕರ್ತೃಗಳಲ್ಲಿ ಹೆನ್ರಿ ಯೂಲ್ ಬಂಗಾಳ ಸೇನೆಯ ಎಂಜಿನಿಯರ್. ಎ. ಸಿ. ಬರ್ನೆಲ್ ಮದ್ರಾಸ್ ಪ್ರಾಂತದ ನ್ಯಾಯಾಧೀಶ, ಮಂಗಳೂರಿನಲ್ಲಿ ಕೆಲಸ ಮಾಡಿದವರು, ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವರು. ದಕ್ಷಿಣ ಭಾರತದ ಲಿಪಿಶಾಸ್ತ್ರದ ಕುರಿತು ಅವರ ಗ್ರಂಥ 1874ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ ಅಚ್ಚಾಯಿತು. ನಿಘಂಟು ಹೊರಬರುವ ನಾಲ್ಕು ವರ್ಷ ಮೊದಲೇ ಅವರು ತೀರಿಕೊಂಡಿದ್ದರು. ಪುಸ್ತಕದ ಹೆಸರೇ ಒಂದು ಪದವಿನೋದ. ಮೊಹರಂ ಮೆರವಣಿಗೆಯಲ್ಲಿ ಹಸನ್ ಹುಸೇನರ ಹೆಸರು ಹಿಡಿದು ಕೂಗುವ ಶೋಕದ ದನಿ ಬ್ರಿಟಿಷ್ ಸಿಪಾಯಿಗಳ ಕಿವಿಗೆ ಬಿದ್ದು, ಅವರಿಗೆ ಪರಿಚಿತವಾದ ಎರಡು ಮನೆತನದ ಹೆಸರುಗಳಾಗಿ ಹೊರಬಿತ್ತು. ಪರಭಾಷೆಯ ಪದವನ್ನು ತನ್ನ ನಾಲಿಗೆಗೆ ಒಗ್ಗಿಸಿಕೊಳ್ಳುವ ಈ ಕ್ರಿಯೆ ಏಕಮುಖವಲ್ಲ. ವೇಲ್ಸ್ ದೇಶದ ಒಂದು ಬೀದಿಯ ಹೆಸರು ಹೊತ್ತ ‘ಸ್ಟೆಪ್ನಿ’ ಚಕ್ರ ಅದರ ಊರಿನಲ್ಲಿ ಮರೆತುಹೋಗಿ ಎಷ್ಟೋ ಕಾಲವಾದರೂ ಕೋಲ್ಕತ್ತದ ಟ್ಯಾಕ್ಸಿಯಲ್ಲೂ ಹುಬ್ಬಳ್ಳಿಯ ಲಾರಿಯಲ್ಲೂ ಜೀವಂತವಾಗಿದೆ.

ಕಾಗುಣಿತದ ಕಗ್ಗಂಟು

ಬರೆದಂತೆ ಓದುವ, ಓದಿದಂತೆ ಬರೆಯುವ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದವರಿಗೆ ಇಂಗ್ಲಿಷ್ ಕಾಗುಣಿತ ಎಂಬುದೇ ಒಂದು ಒಗಟು. (ಬಂಗಾಳಿಯ ಬರಹಕ್ಕೂ ಉಚ್ಚಾರಕ್ಕೂ ಕನ್ನಡದಷ್ಟು ಹೊಂದಿಕೆಯಿಲ್ಲ, ಆದರೂ ಇಂಗ್ಲಿಷಿನ ಮುಂದೆ ಅದು ಸರಳ.) ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಿನ ಮನೆ ತೆರೆದ ಮೇಲೆ ಪದಗಳ ರೂಪ ನಿಧಾನವಾಗಿ ಗಟ್ಟಿಯಾಗುತ್ತ ಬಂತು, ಉಚ್ಚಾರ ಮಾತ್ರ ಬದಲಾಗುತ್ತಲೇ ಹೋಯಿತು. ಇದರ ಜೊತೆಗೆ ಪಂಡಿತರ ಕೈಚಳಕವೂ ಸೇರಿತು. ಸಾಲ ಎಂಬರ್ಥದ ‘ಡೆಟ್’ ಪದದಲ್ಲಿ ಯಾರೂ ಉಚ್ಚರಿಸದ ಬಿ ಅಕ್ಷರ ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ತುರುಕಿದ್ದು. ‘ಐಲೆಂಡ್’ ಪದದ ಎಸ್ ಅಂತೂ ತಪ್ಪು ವ್ಯುತ್ಪತ್ತಿಯಿಂದ ಬಂದು ಸೇರಿದ್ದು.

ಈ ಅವಾಂತರಕ್ಕೆ ಜಗತ್ತಿನಾದ್ಯಂತ ಉದಾಹರಿಸುವ ಒಂದು ಪದವಿದೆ. ಜಿ, ಎಚ್, ಓ, ಟಿ, ಐ ಎಂಬ ಐದು ಅಕ್ಷರಗಳನ್ನು ಬರೆದು ‘ಫಿಶ್’ ಎಂದು ಓದಬಹುದೆಂಬ ತರ್ಕ ಅದು. ‘ಇನಫ್’ ಪದದ ಕೊನೆಯ ಜಿಎಚ್‌ಗೆ ಫ ಧ್ವನಿ, ‘ವಿಮೆನ್’ ಪದದ ಓಗೆ ಇ ಧ್ವನಿ, ‘ನೇಷನ್’ ಪದದ ಟಿಐಗೆ ಶ ಧ್ವನಿ. ಮೂರನ್ನೂ ಕೂಡಿಸಿದರೆ ಮೀನು. ಇದನ್ನು ಬರ್ನಾರ್ಡ್ ಷಾ ತಲೆಗೆ ಕಟ್ಟುವುದು ವಾಡಿಕೆಯಾದರೂ 1855ರ ಪತ್ರವೊಂದರಲ್ಲಿ, ಅಂದರೆ ಷಾ ಹುಟ್ಟುವ ಮುಂಚೆಯೇ, ಈ ತಮಾಷೆ ದಾಖಲಾಗಿದೆ. ಕೋಲ್ಕತ್ತದಲ್ಲಿ ಇದಕ್ಕೆ ಬೇರೊಂದು ಕಳೆ ಬರುತ್ತದೆ. ಅದೇ ಐದು ಅಕ್ಷರಗಳನ್ನು ಅಲ್ಲಿನವರು ‘ಘೋಟಿ’ ಎಂದೇ ಓದುತ್ತಾರೆ. ಘೋಟಿ ಎಂದರೆ ನೀರಿನ ಚೊಂಬು, ಪಶ್ಚಿಮ ಬಂಗಾಳದ ಮೂಲನಿವಾಸಿಯೂ ಹೌದು. ಪೂರ್ವ ಬಂಗಾಳದಿಂದ ಬಂದವರು ‘ಬಾಂಗಾಲ್’. ಫುಟ್‌ಬಾಲ್ ಮೈದಾನದಲ್ಲಿ ಘೋಟಿಗಳು ಮೋಹನ್ ಬಗಾನ್ ಕಡೆ, ಬಾಂಗಾಲರು ಈಸ್ಟ್ ಬೆಂಗಾಲ್ ಕಡೆ. ಗೆದ್ದ ದಿನ ಘೋಟಿಗಳ ಮನೆಯಲ್ಲಿ ಸಿಗಡಿ, ಬಾಂಗಾಲರ ಮನೆಯಲ್ಲಿ ಹಿಲ್ಸಾ ಮೀನು ಎಂಬುದು ಊರಿನ ಮಾತು.

ಬಂಗಾಳಿ ಲೇಖಕರ ಕೈಯಲ್ಲಿ

ಲೂಯಿಸ್ ಕ್ಯಾರಲ್ 1871ರಲ್ಲಿ ಎರಡು ಪದಗಳನ್ನು ಒಂದರಲ್ಲಿ ಮಡಚಿಡುವ ಕ್ರಮಕ್ಕೆ ಒಂದು ಬಗೆಯ ಪೆಟ್ಟಿಗೆಯ ಹೆಸರಿಟ್ಟ. ಆ ಕ್ರಮವನ್ನು ಬಂಗಾಳಿಗೆ ತಂದು ಮಕ್ಕಳ ಬಾಯಲ್ಲಿ ನಿಲ್ಲಿಸಿದವರು ಸುಕುಮಾರ್ ರಾಯ್. 1911ರಿಂದ 1913ರವರೆಗೆ ಇಂಗ್ಲೆಂಡಿನಲ್ಲಿ ಮುದ್ರಣ ವಿದ್ಯೆ ಕಲಿತು ಬಂದು, ತಂದೆ ಉಪೇಂದ್ರಕಿಶೋರ್ 1913ರಲ್ಲಿ ಆರಂಭಿಸಿದ್ದ ‘ಸಂದೇಶ್’ ಪತ್ರಿಕೆಯನ್ನು ಅವರು ಮುಂದುವರಿಸಿದರು. ಬಾತುಕೋಳಿಗೆ ‘ಹಾಂಸ್’, ಮುಳ್ಳುಹಂದಿಗೆ ‘ಸಜಾರು’. ಒಂದರ ಬಾಲದ ಸಕಾರವನ್ನು ಇನ್ನೊಂದರ ತಲೆಯ ಸಕಾರಕ್ಕೆ ಬೆಸೆದಾಗ ‘ಹಾಂಸ್‌ಜಾರು’ ಎಂಬ ಪ್ರಾಣಿ ಹುಟ್ಟುತ್ತದೆ. ಆನೆಯ ‘ಹಾತಿ’ ತಿಮಿಂಗಿಲದ ‘ತಿಮಿ’ಗೆ ಸೇರಿ ‘ಹಾತಿಮಿ’. ಈ ಕೂಡಿಕೆಯ ಹಿಂದೆ ಇಂಗ್ಲಿಷಿನ ಪ್ರೇರಣೆ ಇದೆ, ಆದರೆ ಒಳಗೆ ಕೆಲಸ ಮಾಡುತ್ತಿರುವುದು ನಮ್ಮ ಭಾಷೆಗಳ ಸಂಧಿಯ ಜಾಣ್ಮೆ. ಅನುಕರಣೆ ಎಂದು ಇದನ್ನು ಬದಿಗೆ ಸರಿಸುವುದು ಸರಿಯಲ್ಲ. ಈ ಪದ್ಯಗಳ ಸಂಕಲನ ‘ಆಬೋಲ್ ತಾಬೋಲ್’ 1923ರ ಸೆಪ್ಟೆಂಬರಿನಲ್ಲಿ, ಮೂವತ್ತೈದರ ವಯಸ್ಸಿನಲ್ಲಿ ಕಾಲಾಅಜಾರಿನಿಂದ ಸುಕುಮಾರ್ ನಿಧನರಾದ ಕೆಲವೇ ದಿನಗಳಿಗೆ ಹೊರಬಂತು.

ಅವರ ಮಗ ಸತ್ಯಜಿತ್ ರಾಯ್ 1961ರಲ್ಲಿ ಕವಿ ಸುಭಾಷ್ ಮುಖೋಪಾಧ್ಯಾಯರ ಜೊತೆ ‘ಸಂದೇಶ್’ ಪತ್ರಿಕೆಗೆ ಮರುಜೀವ ಕೊಟ್ಟರು. ಪತ್ತೇದಾರ ಫೆಲೂದಾ 1965ರಲ್ಲಿ ಅದರಲ್ಲೇ ಕಾಣಿಸಿಕೊಂಡ. ಫೆಲೂದಾ ಕಥೆಗಳ ಒಗಟುಗಳು ಎರಡು ಭಾಷೆ ಬಲ್ಲ ಓದುಗನಿಗಾಗಿ ಹೆಣೆದವು. ‘ಘುರ್ಘುಟಿಯಾರ್ ಘಟನಾ’ ಕಥೆಯಲ್ಲಿ ಒಂದು ಗಿಳಿ ಶಿವನ ಹೆಸರು ಹಿಡಿದು, ಕೊಂಚ ವಿಶ್ರಮಿಸು ಎಂಬರ್ಥ ಬರುವ ಮಾತನ್ನು ಹೇಳುತ್ತಿರುತ್ತದೆ. ಕೇಳುವವರಿಗೆ ಅದು ಅಪ್ಪಟ ಬಂಗಾಳಿ. ಫೆಲೂದಾ ಅದನ್ನು ಒಡೆದು ನೋಡುತ್ತಾನೆ. ‘ತ್ರಿನಯನ’ ಪದದ ತ್ರಿ ಎಂದರೆ ಮೂರು, ನಯನ ಎಂಬುದು ಬಂಗಾಳಿ ಉಚ್ಚಾರದಲ್ಲಿ ಇಂಗ್ಲಿಷಿನ ನೈನ್‌ಗೆ ತೀರ ಹತ್ತಿರ. ವಿಶ್ರಾಂತಿಯ ‘ಜಿರೋ’ ಇಂಗ್ಲಿಷಿನ ಸೊನ್ನೆ. ಹೀಗೆ ಬಿಡಿಸುತ್ತ ಹೋದರೆ 39039120 ಎಂಬ ತಿಜೋರಿಯ ಸಂಖ್ಯೆ ಸಿಗುತ್ತದೆ. ಬಂಗಾಳಿಯೊಂದನ್ನೇ ಬಲ್ಲವನಿಗಾಗಲಿ, ಇಂಗ್ಲಿಷೊಂದನ್ನೇ ಬಲ್ಲವನಿಗಾಗಲಿ ಈ ಬೀಗ ತೆರೆಯದು. ‘ಸಮಾದ್ದಾರೇರ್ ಚಾಬಿ’ ಕಥೆಯಲ್ಲಿ ರಾಧಾರಮಣ ಸಮಾದ್ದಾರ್ ಎಂಬ ಹೆಸರಿನ ಅಕ್ಷರಗಳೇ ಸಂಗೀತದ ಸ್ವರಗಳಾಗುತ್ತವೆ. ಕೋಲ್ಕತ್ತದ ಪದವಿನೋದದ ಶಿಖರ ಎಂದು ಒಂದನ್ನು ಆರಿಸಬೇಕಾದರೆ ಆ ಗಿಳಿಯ ಮಾತನ್ನೇ ಆರಿಸಬೇಕು.

ಬೀದಿಯಲ್ಲಿ ನಿಂತು ತಮ್ಮ ‘ವಿದೂಷಕ್’ ಪತ್ರಿಕೆಯನ್ನು ತಾವೇ ಮಾರುತ್ತಿದ್ದ, ದಾದಾಠಾಕುರ್ ಎಂದು ಹೆಸರಾದ ಶರತ್‌ಚಂದ್ರ ಪಂಡಿತ್ (1881–1968) ಇಂಗ್ಲಿಷ್–ಬಂಗಾಳಿ ಶ್ಲೇಷೆಗೆ ಪ್ರಸಿದ್ಧರು. ಮುಕ್ತಾರಾಂ ಬಾಬು ಬೀದಿಯ ಮೆಸ್ಸಿನ ಕೋಣೆಯಲ್ಲಿ ಬಾಳು ಕಳೆದ ಶಿಬ್ರಾಂ ಚಕ್ರಬರ್ತಿಯವರ ಗದ್ಯದಲ್ಲಂತೂ ಶ್ಲೇಷೆಯಿಲ್ಲದ ಪುಟ ಸಿಗುವುದು ಕಷ್ಟ. ನಮ್ಮಲ್ಲಿ ಟಿ. ಪಿ. ಕೈಲಾಸಂ ಮಾಡಿದ ಕೆಲಸಕ್ಕೆ ಇವರಿಬ್ಬರ ಕೆಲಸ ಸಮೀಪದ್ದು.

ಅಕ್ಷರ ಮತ್ತು ಚೌಕ

ಪದಬಂಧ ಹುಟ್ಟಿದ್ದು 1913ರ ಡಿಸೆಂಬರ್ 21ರಂದು. ಆರ್ಥರ್ ವಿನ್ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಗೆ ರಚಿಸಿದ ವಜ್ರಾಕಾರದ ಚೌಕಜಾಲ ಅದು. ಲಂಡನ್ನಿನ ‘ಟೈಮ್ಸ್’ 1930ರಲ್ಲಿ ಪದಬಂಧ ಆರಂಭಿಸಿತು. ಸುಳಿವಿನ ಮೇಲುನೋಟದ ಅರ್ಥ ಒಂದು, ಒಳಗಿನ ಸೂಚನೆ ಇನ್ನೊಂದು ಎಂಬ ಗೂಢ ಶೈಲಿ ಬ್ರಿಟನ್ನಿನಲ್ಲಿ ಬೆಳೆದು ಭಾರತದ ಇಂಗ್ಲಿಷ್ ಪತ್ರಿಕೆಗಳಿಗೂ ಬಂತು.

ಇದು ಭಾರತೀಯ ಭಾಷೆಗಳಿಗೆ ಬಂದಾಗ ಮೊದಲ ಪ್ರಶ್ನೆ ಎದ್ದದ್ದು ಒಂದು ಚೌಕದಲ್ಲಿ ಏನು ಬರೆಯಬೇಕು ಎಂಬುದರ ಬಗ್ಗೆ. ಇಂಗ್ಲಿಷಿನಲ್ಲಿ ಒಂದು ಚೌಕಕ್ಕೆ ಒಂದು ಲಿಪಿಚಿಹ್ನೆ. ಬಂಗಾಳಿಯ ‘ಶಬ್ದಛಕ್’ ಮತ್ತು ಕನ್ನಡದ ಪದಬಂಧಗಳಲ್ಲಿ ಒಂದು ಚೌಕಕ್ಕೆ ಒಂದು ಪೂರ್ಣಾಕ್ಷರ. ‘ಲಕ್ಷ್ಮಿ’ ಎಂಬ ಹೆಸರು ಎರಡೇ ಚೌಕದಲ್ಲಿ ಕೂರುತ್ತದೆ. ಎರಡನೆಯ ಚೌಕದಲ್ಲಿ ಮೂರು ವ್ಯಂಜನ, ಒಂದು ಸ್ವರ ಒತ್ತರಿಸಿಕೊಂಡಿರುತ್ತವೆ. ಅದನ್ನು ಅಡ್ಡಹಾಯುವ ಪದದಲ್ಲೂ ಅದೇ ‘ಕ್ಷ್ಮಿ’ ಬರಬೇಕು. ಕನ್ನಡ ಪದಬಂಧ ಕಟ್ಟುವವರು ಒತ್ತಕ್ಷರ ಕಂಡರೆ ಹಿಂಜರಿಯುವುದು ಇದಕ್ಕಾಗಿ.

ಈ ವ್ಯತ್ಯಾಸದಿಂದ ಆಟದ ಬಗೆಯೇ ಬೇರೆಯಾಗುತ್ತದೆ. ಇಂಗ್ಲಿಷಿನ ‘ಲಿಸನ್’ ಮತ್ತು ‘ಸೈಲೆಂಟ್’ ಎರಡರಲ್ಲೂ ಅವೇ ಆರು ಅಕ್ಷರಗಳು, ಕ್ರಮ ಮಾತ್ರ ಬೇರೆ. ಕಣ್ಣಿಗೆ ಕಾಣುವ ಈ ಬಂಧುತ್ವ ಕಿವಿಗೆ ತಿಳಿಯುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆದ ಕೂಡಲೇ ಅದು ಪೂರ್ತಿ ಅಳಿಸಿಹೋಗುತ್ತದೆ. ನಮ್ಮಲ್ಲಿ ಅಕ್ಷರಪಲ್ಲಟ ಎಂದರೆ ಧ್ವನಿಯದ್ದೇ ಪಲ್ಲಟ. ‘ನದಿ’ಯನ್ನು ತಿರುಗಿಸಿದರೆ ‘ದಿನ’. ‘ಹರಿಯುವುದು ಹಿಂದಿರುಗಿದರೆ ಸೂರ್ಯನ ಒಂದು ಸುತ್ತು’ ಎಂದು ಸುಳಿವು ಕೊಟ್ಟರೆ ಕನ್ನಡದಲ್ಲಿ ಗೂಢ ಪದಬಂಧ ಸಲೀಸಾಗಿ ನಿಲ್ಲುತ್ತದೆ. ಗತಪ್ರತ್ಯಾಗತವೂ ಅಷ್ಟೇ. ‘ರಮಾಕಾಂತ ಕಾಮಾರ್’ ಎಂಬ ಹೆಸರು ಬಂಗಾಳಿಯಲ್ಲಿ ಬರೆದಾಗ ಎರಡು ಕಡೆಯಿಂದಲೂ ಒಂದೇ, ಕನ್ನಡದ ‘ವಿಕಟಕವಿ’ಯ ಹಾಗೆ. ಚಿತ್ರಕಾವ್ಯ, ಪ್ರಹೇಳಿಕೆ, ಬೆಡಗಿನ ವಚನಗಳ ಪರಂಪರೆ ಇರುವ ಕನ್ನಡದಲ್ಲಿ ಅ. ನಾ. ಪ್ರಹ್ಲಾದರಾವ್ ಅಂಥವರು ಸಾವಿರಾರು ಪದಬಂಧ ರಚಿಸಿದ್ದಾರೆ. ಗೂಢ ಸುಳಿವಿನ ಶೈಲಿಗೆ ಮಾತ್ರ ನಮ್ಮ ಪತ್ರಿಕೆಗಳು ಇನ್ನೂ ಸಾಕಷ್ಟು ಜಾಗ ಕೊಟ್ಟಿಲ್ಲ.

ಬಹುಮಾನದ ಪದಬಂಧ ಮತ್ತು ಬೆಂಗಳೂರು

1940–50ರ ದಶಕಗಳಲ್ಲಿ ಪ್ರವೇಶಧನ ಕಟ್ಟಿ ಆಡುವ ಬಹುಮಾನದ ಪದಬಂಧಗಳು ದೇಶದಲ್ಲಿ ದೊಡ್ಡ ವ್ಯಾಪಾರವಾಗಿದ್ದವು. ಒಂದು ಸುಳಿವಿಗೆ ಎರಡು ಪದ ಸಮನಾಗಿ ಹೊಂದುತ್ತಿದ್ದರೂ ಸಂಘಟಕರು ಮೊದಲೇ ಗೊತ್ತುಮಾಡಿದ್ದೇ ಸರಿಯುತ್ತರ. ಇಂಥ ಸ್ಪರ್ಧೆಯೊಂದು ಬೆಂಗಳೂರಿನಿಂದ ಪ್ರಕಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ಮೂಲಕ ಮುಂಬಯಿ ಪ್ರಾಂತದಲ್ಲೂ ಹರಡಿತ್ತು. ಮುಂಬಯಿ ಸರ್ಕಾರ ಅದರ ಮೇಲೆ ತೆರಿಗೆ ಹಾಕಿ ನಿಯಂತ್ರಿಸಹೊರಟಾಗ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1957ರ ಏಪ್ರಿಲಿನಲ್ಲಿ ಬಂದ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಸುಧಿರಂಜನ್ ದಾಸ್, ಕಲ್ಕತ್ತದವರು, ಶಾಂತಿನಿಕೇತನದ ಹಳೆಯ ವಿದ್ಯಾರ್ಥಿ. ಇಂಥ ಪದಬಂಧ ಜೂಜು, ಜೂಜಿಗೆ ವ್ಯಾಪಾರ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಎಂದು ತೀರ್ಮಾನವಾಯಿತು. ಅದೇ ಹೊತ್ತಿನ ಇನ್ನೊಂದು ತೀರ್ಪು, 1955ರ ಬಹುಮಾನ ಸ್ಪರ್ಧೆಗಳ ಕಾಯ್ದೆ ಅನ್ವಯಿಸುವುದು ಅದೃಷ್ಟದ ಸ್ಪರ್ಧೆಗಳಿಗೆ ಮಾತ್ರ, ಕೌಶಲದ ಸ್ಪರ್ಧೆಗಳಿಗಲ್ಲ ಎಂದು ಬಿಡಿಸಿ ಹೇಳಿತು. ಪದಬಂಧದಲ್ಲಿ ಜಾಣತನ ಎಲ್ಲಿ ಮುಗಿದು ಅದೃಷ್ಟ ಎಲ್ಲಿ ಶುರುವಾಗುತ್ತದೆ ಎಂಬುದು ಹೀಗೆ ಸಂವಿಧಾನದ ಪ್ರಶ್ನೆಯಾಯಿತು. ಆನ್‌ಲೈನ್ ಆಟಗಳ ವ್ಯಾಜ್ಯಗಳಲ್ಲಿ ವಕೀಲರು ಈಗಲೂ ಈ ತೀರ್ಪುಗಳನ್ನು ಮುಂದಿಡುತ್ತಾರೆ.

ಕೋಲ್ಕತ್ತದ ರಸಪ್ರಶ್ನೆಯ ಹವ್ಯಾಸವೂ ಪದವಿನೋದದ ನೆರೆಮನೆಯದು. 1967ರಲ್ಲಿ ನೀಲ್ ಓಬ್ರಿಯನ್ ಪಾರ್ಕ್ ಸರ್ಕಸ್ಸಿನ ಕ್ರೈಸ್ಟ್ ದಿ ಕಿಂಗ್ ಚರ್ಚಿನ ಸಭಾಂಗಣದಲ್ಲಿ ನಡೆಸಿದ್ದು ಭಾರತದ ಮೊದಲ ವ್ಯವಸ್ಥಿತ ರಸಪ್ರಶ್ನೆ ಸ್ಪರ್ಧೆ ಎಂದು ಹೆಸರಾಗಿದೆ.

ಸ್ಕ್ರಾಬ್ಯುಲಸ್

ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಆಟವೊಂದನ್ನು ಕಟ್ಟಿದ. 1948ರಲ್ಲಿ ಅದಕ್ಕೆ ‘ಸ್ಕ್ರಾಬಲ್’ ಎಂಬ ಹೆಸರು ಬಂತು. ಹದಿನೈದಕ್ಕೆ ಹದಿನೈದು ಮನೆಗಳ ಹಲಗೆ, ನೂರು ಬಿಲ್ಲೆ. ಹೇರಳವಾಗಿ ಬರುವ ಇ ಅಕ್ಷರಕ್ಕೆ 1 ಅಂಕ, ಅಪರೂಪದ ಕ್ಯೂ ಮತ್ತು ಝಡ್‌ಗೆ 10. ಈ ಆಟದಲ್ಲಿ ಪದದ ಅರ್ಥ ತಿಳಿಯಬೇಕಾಗಿಲ್ಲ. ಅಧಿಕೃತ ಪಟ್ಟಿಯಲ್ಲಿದ್ದರೆ ಸಾಕು. ‘ಲಾಖ್’, ‘ಘಾಟ್’, ‘ಧೋತಿ’ ಎಲ್ಲವೂ ಅಲ್ಲಿ ಸಲ್ಲುವ ಇಂಗ್ಲಿಷ್ ಪದಗಳು. 2015ರಲ್ಲಿ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತನಾಡಲು ಬಾರದೆ, ಪಟ್ಟಿಯನ್ನು ಬಾಯಿಪಾಠ ಮಾಡಿ, ಫ್ರೆಂಚ್ ಭಾಷೆಯ ವಿಶ್ವ ಚಾಂಪಿಯನ್ ಆದರು. ಇನ್ನೂರು ವರ್ಷ ಹಿಂದೆ ಕಲ್ಕತ್ತದ ಹುಡುಗರು ನಂಬಿದ್ದ ವಿದ್ಯೆಯೇ ಅದು.

ಆ ಊರಿನ ಸಹೋದರರಾದ ರಜತ್ ಮತ್ತು ಜಯಂತ್ ಅಗರ್‌ವಾಲಾ ಇದನ್ನೇ ಹೋಲುವ ‘ಸ್ಕ್ರಾಬ್ಯುಲಸ್’ ಎಂಬ ಇಂಟರ್‌ನೆಟ್ ಆಟವನ್ನು 2006ರಲ್ಲಿ ತೆರೆದರು. 2007ರಲ್ಲಿ ಅದು ಫೇಸ್‌ಬುಕ್ ಸೇರಿ, ದಿನಕ್ಕೆ ಐದು ಲಕ್ಷಕ್ಕೂ ಹೆಚ್ಚು ಜನ ಆಡುವಷ್ಟು ಬೆಳೆಯಿತು. ಸ್ಕ್ರಾಬಲ್ ಹಕ್ಕು ಅಮೆರಿಕ ಮತ್ತು ಕೆನಡಾದಲ್ಲಿ ಹ್ಯಾಸ್ಬ್ರೊ ಕಂಪನಿಯದು, ಉಳಿದ ಕಡೆ ಮ್ಯಾಟೆಲ್ ಕಂಪನಿಯದು. 2008ರ ಜುಲೈಯಲ್ಲಿ ಹ್ಯಾಸ್ಬ್ರೊ ನ್ಯೂಯಾರ್ಕಿನಲ್ಲಿ ದಾವೆ ಹೂಡಿತು, ಆ ಎರಡು ದೇಶಗಳಲ್ಲಿ ಆಟ ನಿಂತಿತು. ಮ್ಯಾಟೆಲ್ ದಿಲ್ಲಿ ಹೈಕೋರ್ಟಿಗೆ ಹೋಯಿತು.

2008ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಕೊಟ್ಟ ಮಧ್ಯಂತರ ಆದೇಶ ಓದಲು ಯೋಗ್ಯವಾದುದು. ಹಲಗೆಯ ಬಣ್ಣದ ಮನೆಗಳನ್ನು ಆಟದ ನಿಯಮದಿಂದ ಬೇರ್ಪಡಿಸಲಾಗದು, ನಿಯಮದ ಮೇಲೆ ಹಕ್ಕುಸ್ವಾಮ್ಯ ಇಲ್ಲ. ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಾದ, ನೋಂದಾಯಿಸದ ವಿನ್ಯಾಸಕ್ಕೂ ಭಾರತದ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಉಳಿಯದು. ಆದ್ದರಿಂದ ಹಲಗೆಯ ವಿಷಯದಲ್ಲಿ ಮ್ಯಾಟೆಲ್ ಸೋತಿತು. ‘ಸ್ಕ್ರಾಬ್ಯುಲಸ್’ ಎಂಬ ಹೆಸರು ಮಾತ್ರ ಗ್ರಾಹಕರನ್ನು ಗೊಂದಲಗೊಳಿಸುವಷ್ಟು ಹತ್ತಿರದ್ದೆಂದು ಅದರ ಬಳಕೆಗೆ ತಡೆ ಬಿತ್ತು. ಹ್ಯಾಸ್ಬ್ರೊ ಆ ವರ್ಷದ ಕೊನೆಗೆ ದಾವೆ ಹಿಂತೆಗೆದುಕೊಂಡಿತು. ಸಹೋದರರು ಆಟಕ್ಕೆ ‘ಲೆಕ್ಸುಲಸ್’ ಎಂದು ಹೊಸ ಹೆಸರಿಟ್ಟು, ಅಕ್ಷರಗಳ ಅಂಕಗಳನ್ನು ಬದಲಿಸಿ, ಆಟಗಾರನ ಕೈಯ ಬಿಲ್ಲೆಗಳನ್ನು ಏಳರಿಂದ ಎಂಟಕ್ಕೆ ಏರಿಸಿದರು.

ಗುಣಿತಾಕ್ಷರ, ಒತ್ತಕ್ಷರಗಳಿರುವ ಭಾಷೆಗಳಿಗೆ ಇಂಥ ಹಲಗೆಯಾಟ ಒಗ್ಗಿಸುವ ಕೆಲಸಕ್ಕೆ ಬೆಂಗಳೂರಿನ ಮ್ಯಾಡ್‌ರ‍್ಯಾಟ್ ಗೇಮ್ಸ್ ಕೈಹಾಕಿತು. ಅವರ ‘ಅಕ್ಷರಿತ್’ ಆಟ ಮೊದಲು ಹಿಂದಿಯಲ್ಲಿ, ಆಮೇಲೆ ಭಾರತದ ಇತರ ಭಾಷೆಗಳಲ್ಲೂ ಬಂತು.